ಎರಡು ವರ್ಷದ ಮಾತು, ಎಪ್ಪತ್ತು ವರ್ಷದ ಪತ್ರ

(ಬದುಕು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದಾಗ ಕ್ರೈಸ್ತ ನಂಬಿಕೆ ನಮಗೆ ಏನು ಕೊಡುತ್ತದೆ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಉಳಿಯಲಿ ಎಂದು ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ವಂದನೆ.

ಇವತ್ತಿನ ವಿಷಯ ಕೇಳಿದ ಕೂಡಲೇ ನಿಮ್ಮಲ್ಲಿ ಹಲವರಿಗೆ ಒಂದು ವಾಕ್ಯ ನೆನಪಾಗಿರುತ್ತದೆ. ಬೈಬಲಿನ ಯೆರೆಮೀಯ ಪುಸ್ತಕ, 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ನಿರೀಕ್ಷೆ ಇರಲಿ ಎಂದೇ ಯೋಚಿಸುತ್ತಿದ್ದೇನೆ ಎಂದು ದೇವರು ಹೇಳುವ ಮಾತು. ಕ್ಯಾಲೆಂಡರಿನಲ್ಲಿ, ಗೋಡೆಯ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇದನ್ನು ಓದದವರು ಕಡಿಮೆ. ಕೆಲಸ ಹೋದವರಿಗೆ ಇದನ್ನೇ ಕಳಿಸುತ್ತೇವೆ. ಮದುವೆ ಮುರಿದವರಿಗೂ ಇದೇ. ಆಸ್ಪತ್ರೆಯ ರಿಪೋರ್ಟ್ ಹಿಡಿದು ಕೂತವರಿಗೂ ಇದೇ.

ಆದರೆ ಅದರ ಹಿಂದಿನ ವಚನವನ್ನು ಯಾರೂ ಕಳಿಸುವುದಿಲ್ಲ. 10ನೇ ವಚನದಲ್ಲಿ ಎಪ್ಪತ್ತು ವರ್ಷ ಅಂತ ಬರೆದಿದೆ. ಹಿತದ ಯೋಚನೆ ಇದೆ, ನಿರೀಕ್ಷೆ ಇದೆ, ಆದರೆ ಅದು ಎಪ್ಪತ್ತು ವರ್ಷ ತುಂಬಿದ ಮೇಲೆ. ಈ ಎರಡು ವಚನಗಳನ್ನು ಬೇರೆ ಬೇರೆ ಮಾಡಿದ್ದರಿಂದಲೇ ನಾವು ಕಷ್ಟದಲ್ಲಿರುವವರಿಗೆ ಅರ್ಧ ಸುವಾರ್ತೆ ಹೇಳುತ್ತಿದ್ದೇವೆ ಅನ್ನೋದು ನನ್ನ ಅನಿಸಿಕೆ. ಹಾಗಾಗಿ ಇವತ್ತು ಆ ಪತ್ರದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಹೌದು, ಅದು ಪತ್ರ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನು, ಅಧಿಕಾರಿಗಳನ್ನು, ಕಮ್ಮಾರರು ಮತ್ತು ಕುಶಲ ಕೆಲಸಗಾರರನ್ನು ಹಿಡಿದುಕೊಂಡು ಹೋದ. ಊರು ಇನ್ನೂ ನಿಂತಿತ್ತು. ದೇವಾಲಯವೂ ಇತ್ತು. ಅದು ಸುಟ್ಟುಹೋದದ್ದು ಆಮೇಲೆ, ಸುಮಾರು 586ರಲ್ಲಿ. ಅಂದರೆ ಸೆರೆಹೋದ ಈ ಮೊದಲ ಗುಂಪಿಗೆ ಹಿಂದಿನ ಬದುಕು ಸತ್ತಿರಲಿಲ್ಲ. ದೂರದಲ್ಲಿ ಇನ್ನೂ ಉಸಿರಾಡುತ್ತಿತ್ತು. ಇಂಥ ಸ್ಥಿತಿ ಬಹಳ ಕಷ್ಟದ್ದು. ಪೂರ್ತಿ ಹೋಗಿದ್ದರೆ ಅತ್ತು ಮುಗಿಸಬಹುದು. ಅರ್ಧ ಉಳಿದಿದ್ದರೆ ಮನಸ್ಸು ಅಲ್ಲೇ ನೇತಾಡುತ್ತದೆ.

ಆ ಹೊತ್ತಿಗೆ ಯೆರೂಸಲೇಮಿನಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಎದ್ದ. 28ನೇ ಅಧ್ಯಾಯ ಓದಿ. ಯೆರೆಮೀಯ ಕುತ್ತಿಗೆಗೆ ನೊಗ ಹಾಕಿಕೊಂಡು ಓಡಾಡುತ್ತಿದ್ದ, ಬಾಬೆಲಿನ ಅಧಿಕಾರ ಇಷ್ಟು ಬೇಗ ಮುಗಿಯುವುದಿಲ್ಲ ಎಂಬ ಗುರುತಾಗಿ. ಹನನ್ಯ ದೇವಾಲಯದಲ್ಲಿ ಯಾಜಕರ ಮುಂದೆ, ಜನರೆಲ್ಲರ ಮುಂದೆ ನಿಂತು, ಎರಡು ವರ್ಷದೊಳಗೆ ರಾಜ ವಾಪಸ್, ದೇವಾಲಯದ ಪಾತ್ರೆಗಳು ವಾಪಸ್, ಸೆರೆಹೋದವರೆಲ್ಲ ವಾಪಸ್ ಅಂದ. ದೇವರ ಹೆಸರಿನಲ್ಲೇ ಹೇಳಿದ. ಯೆರೆಮೀಯನ ಕುತ್ತಿಗೆಯ ನೊಗ ತೆಗೆದು ಮುರಿದೂ ಹಾಕಿದ.

ಯೆರೆಮೀಯ ಏನಂದ ಗೊತ್ತಾ? ಮೊದಲು ಅಂದದ್ದು ಆಮೆನ್. ಹಾಗೇ ಆಗಲಿ, ದೇವರು ನಿನ್ನ ಮಾತು ನೆರವೇರಿಸಲಿ ಅಂದ. ಈ ಆಮೆನ್ ನನಗೆ ಬಹಳ ಇಷ್ಟ. ಅವನಿಗೂ ಅದೇ ಬೇಕಿತ್ತು. ಕಹಿ ಸುದ್ದಿ ಹೇಳುವುದರಲ್ಲಿ ಅವನಿಗೆ ಯಾವ ಖುಷಿಯೂ ಇರಲಿಲ್ಲ. ಆದರೆ ದೇವರು ಹೇಳಿಸಿದ್ದು ಬೇರೆ ಮಾತು. ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ಬಂತು ಎಂದು ಹನನ್ಯನಿಗೆ ತಿಳಿಸಬೇಕಾಯಿತು.

ಹನನ್ಯ ಜನರಿಗೆ ನಂಬಿಕೆ ಇರುವವನ ಹಾಗೆ ಕಂಡಿರಬೇಕು. ಯೆರೆಮೀಯ ಅಪಶಕುನ ನುಡಿಯುವವನ ಹಾಗೆ. ಇವತ್ತಿಗೂ ನಮ್ಮ ಸಭೆಗಳಲ್ಲಿ ಹನನ್ಯನಿಗೇ ಚಪ್ಪಾಳೆ ಜಾಸ್ತಿ. "ಮೂರು ತಿಂಗಳಲ್ಲಿ ಹಳೆಯದಕ್ಕಿಂತ ದೊಡ್ಡ ಕೆಲಸ ಸಿಗುತ್ತೆ ನೋಡಿ, ಕರ್ತರು ತೋರಿಸಿದ್ದಾರೆ." "ಅವರು ಮನಸ್ಸು ಬದಲಾಯಿಸಿ ಮನೆಗೆ ಬಂದೇ ಬರ್ತಾರೆ, ನೀವು ವಿಶ್ವಾಸದಲ್ಲಿ ಹಿಡ್ಕೊಳ್ಳಿ." ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಕೇಳಿದವರು ಗಡಿಯಾರ ನೋಡಿಕೊಂಡು ಕೂರುತ್ತಾರೆ. ಆ ಗಡುವು ದಾಟಿದ ದಿನ ಅವರಿಗೆ ಎರಡು ನಷ್ಟ. ಕೆಲಸವೂ ಇಲ್ಲ, ಈಗ ದೇವರೂ ಮಾತು ತಪ್ಪಿದ ಹಾಗೆ. ದೇವರು ಆಡದ ಮಾತಿಗೆ ದೇವರ ಮೇಲೆ ಸಿಟ್ಟು!

ಹೊರಗಿನ ಹನನ್ಯನಿಗಿಂತ ಒಳಗಿನವನು ಇನ್ನೂ ಗಟ್ಟಿ. ಬದಲಾವಣೆ ಬಂದ ಮೇಲೆ ನಾವೆಲ್ಲ ಮನಸ್ಸಿನಲ್ಲೇ ಒಂದು ಗಡುವು ಹಾಕಿಕೊಳ್ಳುತ್ತೇವೆ. ಇದೊಂದು ಮುಗಿಯಲಿ, ಆಮೇಲೆ ಬದುಕು ಶುರು ಮಾಡೋಣ ಅಂತ. ಪೆಟ್ಟಿಗೆ ಬಿಚ್ಚುವುದಿಲ್ಲ. ಹೊಸ ಜನರ ಪರಿಚಯ ಮಾಡಿಕೊಳ್ಳುವುದಿಲ್ಲ. ನಾಳೆಯೋ ನಾಡಿದ್ದೋ ಹೊರಟೇಬಿಡುತ್ತೇವಲ್ಲ, ಯಾಕೆ ಸುಮ್ನೆ?

ಈಗ ಪತ್ರ ಏನು ಹೇಳುತ್ತದೆ ನೋಡಿ. ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಹಾಕಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳನ್ನು ಪಡೆಯಿರಿ, ಆ ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ನಾನು ಸೆರೆ ಕಳಿಸಿದ ಪಟ್ಟಣದ ಕ್ಷೇಮ ಬಯಸಿ, ಅದಕ್ಕಾಗಿ ಪ್ರಾರ್ಥನೆ ಮಾಡಿ. ಯಾವ ಪಟ್ಟಣ? ಶತ್ರುವಿನದು. ಅವರು ಕೇಳದೆ ಬಂದು ಬಿದ್ದ ಜಾಗ. ಅದು ಚೆನ್ನಾಗಿರಲಿ ಎಂದು ಪ್ರಾರ್ಥಿಸಿ, ಅದಕ್ಕೆ ಕ್ಷೇಮವಾದರೆ ನಿಮಗೂ ಕ್ಷೇಮ ಎನ್ನುತ್ತದೆ ಪತ್ರ.

ಸ್ವಲ್ಪ ಲೆಕ್ಕ ಹಾಕಿ. ಎಪ್ಪತ್ತನ್ನು ಯಾವ ವರ್ಷದಿಂದ ಎಣಿಸಬೇಕು ಎಂದು ಪಂಡಿತರು ಚರ್ಚೆ ಮಾಡುತ್ತಾರೆ, ಮಾಡಲಿ. ಪಾರಸಿಯ ಅರಸ ಕೋರೆಷ ಮರಳಲು ಅಪ್ಪಣೆ ಕೊಟ್ಟದ್ದು ಕ್ರಿ.ಪೂ. 538ರಲ್ಲಿ. 597ರಲ್ಲಿ ಮೂವತ್ತರ ವಯಸ್ಸಿನಲ್ಲಿ ಸೆರೆಹೋದವನಿಗೆ ಆಗ 89. ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆ ಸತ್ತರು. ಆದರೂ 11ನೇ ವಚನ ಅವರಿಗೇ ಬರೆದದ್ದು. ಹಾಗಾದರೆ ಅವರ ಪಾಲಿನ ಹಿತ ಬಾಬೆಲಿನಲ್ಲೇ ಸಿಗಬೇಕಿತ್ತು. ಆ ಮನೆಯಲ್ಲಿ, ಆ ತೋಟದಲ್ಲಿ. ದೇವರು ಯೆರೂಸಲೇಮಿನಲ್ಲಿ ಕಾಯುತ್ತಾ ಕೂತಿರಲಿಲ್ಲ. ಸೆರೆಯವರ ನಡುವೆ ಇದ್ದ ಪ್ರವಾದಿ ಯೆಹೆಜ್ಕೇಲನಿಗೆ ದೇವರ ಮಹಿಮೆಯ ದರ್ಶನ ಆದದ್ದು ಬಾಬೆಲಿನ ಕೆಬಾರ್ ಕಾಲುವೆಯ ದಡದಲ್ಲೇ ಅಲ್ವಾ?

ನನಗೆ ಇವತ್ತು ಹೇಳಬೇಕಿರುವುದು ಮುಖ್ಯವಾಗಿ ಇದೇ. ಹಳೆಯ ಬದುಕು ವಾಪಸ್ ಬಂದೇ ಬರುತ್ತದೆ ಎಂಬ ಮಾತು ಕ್ರೈಸ್ತ ನಂಬಿಕೆಯಲ್ಲಿಲ್ಲ. ಬಂದು ಬಿದ್ದ ಜಾಗದಲ್ಲೂ ದೇವರು ಇದ್ದಾನೆ, ಅಲ್ಲಿ ಬೇರು ಬಿಡಬಹುದು ಎಂಬುದು ಇದೆ.

ಇದನ್ನು ಕೇಳಿ, ಹಾಗಾದರೆ ಅಳಬಾರದಾ, ಕಣ್ಣೊರೆಸಿಕೊಂಡು ತೋಟ ಅಗೆಯಬೇಕಾ ಅಂತ ಅನಿಸಬಹುದು. ಅಲ್ಲ. ಅದೇ ಬಾಬೆಲಿನ ನದಿಗಳ ಬಳಿ ಕೂತು ಅತ್ತವರ ಹಾಡು 137ನೇ ಕೀರ್ತನೆಯಾಗಿ ಬೈಬಲಿನಲ್ಲಿದೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದರು. ಹಾಡು ಅಂದರೆ ಹಾಡಲಾಗಲಿಲ್ಲ. ಪ್ರಲಾಪಗಳ ಪುಸ್ತಕ ಐದು ಅಧ್ಯಾಯವೂ ಗೋಳೇ. ನಡುವೆ, ಮೂರನೇ ಅಧ್ಯಾಯದಲ್ಲಿ, ಆತನ ಕರುಣೆ ದಿನದಿನವೂ ಹೊಸದು ಎಂಬ ಪ್ರಸಿದ್ಧ ಮಾತು ಬರುತ್ತದೆ. ಆದರೆ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಮತ್ತೆ ಗೋಳು, ಮತ್ತೆ ಪ್ರಶ್ನೆ. ದುಃಖ ಇರುವುದೇ ಹೀಗೆ. ಒಂದು ಬೆಳಿಗ್ಗೆ ಹಗುರ ಅನಿಸುತ್ತದೆ, ಮಾರನೇ ದಿನ ಮತ್ತೆ ಅದೇ. ಅದನ್ನು ನಂಬಿಕೆಯಿಂದ ಹಿಂಜಾರುವಿಕೆ ಅನ್ನಬೇಡಿ.

ಇನ್ನು 88ನೇ ಕೀರ್ತನೆ. ಬಹುಪಾಲು ಮೊರೆಯ ಕೀರ್ತನೆಗಳು ಎಲ್ಲೋ ಒಂದು ಕಡೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ದೇವರನ್ನು ಕರೆದು ಆಡಿದ ಮಾತು. ಸಿಟ್ಟು, ಬೇಸರ, ದೂರು ಎಲ್ಲ ಆತನ ಮುಖಕ್ಕೇ. ದೇವರ ಬೆನ್ನ ಹಿಂದೆ ಭಕ್ತಿಯಿಂದ ನಟಿಸುವುದಕ್ಕಿಂತ ಮುಂದೆ ನಿಂತು ಜಗಳ ಆಡುವುದು ಮೇಲು ಎಂದು ನನ್ನ ಲೆಕ್ಕ.

ರೂತಳ ಪುಸ್ತಕದ ನೊವೊಮಿಯನ್ನು ನೋಡಿ. ಬರಗಾಲಕ್ಕೆ ಬೇತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದಳು. ಅಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಊರಿಗೆ ಬಂದಾಗ ಹೆಂಗಸರ ಮುಂದೆ, ತುಂಬಿದವಳಾಗಿ ಹೋದೆ, ದೇವರು ಬರಿಗೈಯಲ್ಲಿ ತಂದುಬಿಟ್ಟ ಎಂದು ಹೇಳುತ್ತಾಳೆ. ಈ ಮಾತು ಆಡುವಾಗ ಅವಳ ಜೊತೆಯಲ್ಲೇ ರೂತ್ ಇದ್ದಾಳೆ. ಎಲ್ಲ ಬಿಟ್ಟು ಜೊತೆಗೆ ಬಂದ ಸೊಸೆ. ಅತ್ತೆ, ನಾನಿದ್ದೀನಲ್ಲ, ಬರಿಗೈ ಹೇಗಾಯ್ತು ಎಂದು ರೂತ್ ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ಅಧ್ಯಾಯದಲ್ಲಿ ಹಕ್ಕಲಾಯಲು ಹೊಲಕ್ಕೆ ಹೊರಟಳು. ರೂತ್ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎಂಬ ಮಾತು ಬರುವುದು ನಾಲ್ಕನೇ ಅಧ್ಯಾಯದಲ್ಲಿ, ಮೊಮ್ಮಗು ಮಡಿಲಿಗೆ ಬಂದ ಮೇಲೆ. ಅದನ್ನು ಹೇಳಿದ್ದೂ ನೆರೆಯ ಹೆಂಗಸರು, ರೂತ್ ಅಲ್ಲ.

ಕಷ್ಟದಲ್ಲಿರುವವರ ಮನೆಗೆ ಹೋಗುವವರು ಇದನ್ನು ಗಮನಿಸಿ. ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಅವನ ಜೊತೆ ಏಳು ದಿನ, ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಸರಿಯಾಗೇ ಇದ್ದರು. ಕೆಟ್ಟದ್ದು ಬಾಯಿ ಬಿಟ್ಟ ಮೇಲೆ. ನೀನು ಏನೋ ತಪ್ಪು ಮಾಡಿರಬೇಕು ಎಂದು ಶುರು ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬನೇ.

ಸಲಹೆಯಾಗಿ ನಾವು ಕೊಡುವ ಇನ್ನೊಂದು ವಾಕ್ಯ ಯೋಸೇಫನದು. ನೀವು ನನಗೆ ಕೇಡು ಮಾಡಬೇಕೆಂದಿದ್ದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ. ಸರಿ. ಆದರೆ ಇದನ್ನು ಯಾರು, ಯಾವಾಗ ಹೇಳಿದರು? ಆದಿಕಾಂಡದಲ್ಲೇ ವಯಸ್ಸುಗಳಿವೆ. ಅಣ್ಣಂದಿರು ಮಾರಿದಾಗ ಯೋಸೇಫನಿಗೆ ಹದಿನೇಳು. ಫರೋಹನ ಮುಂದೆ ನಿಂತಾಗ ಮೂವತ್ತು. ಸುಭಿಕ್ಷದ ಏಳು ವರ್ಷ, ಬರದ ಎರಡು ವರ್ಷ ಕಳೆದು ಅಣ್ಣಂದಿರಿಗೆ ತನ್ನ ಗುರುತು ಹೇಳಿದಾಗ 39 ಆಸುಪಾಸು. ಆಮೇಲೆ ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ. ಅವನು ತೀರಿಕೊಂಡ ಮೇಲೆ ಯೋಸೇಫ ಈ ಮಾತು ಆಡಿದ್ದು. ಅಂದರೆ ಮಾರಾಟವಾಗಿ ಹತ್ತಿರ ಹತ್ತಿರ 39 ವರ್ಷಕ್ಕೆ. ದೇವರೇ ನನ್ನನ್ನು ಮುಂದಾಗಿ ಕಳಿಸಿದ ಎಂದು ಮೊದಲ ಸಲ ಹೇಳಿದ್ದಕ್ಕೂ ಇಪ್ಪತ್ತೆರಡು ವರ್ಷ ಹಿಡಿದಿತ್ತು. ಅಣ್ಣಂದಿರು ಗುಂಡಿಗೆ ಎಸೆದಿದ್ದ ಹುಡುಗನಿಗೆ ಬಗ್ಗಿ ನೋಡಿ ಯಾರೂ ಇದನ್ನು ಹೇಳಲಿಲ್ಲ. ಅನುಭವಿಸಿದವರು ತಾವಾಗಿ ಹೇಳಿದರೆ ಸಾಕ್ಷಿ. ನಾವು ಅವರ ಪರವಾಗಿ ಮೊದಲ ವಾರದಲ್ಲೇ ಹೇಳಿದರೆ ಅದು ಗಾಯದ ಮೇಲೆ ಉಪ್ಪು.

ಸರಿ, ಆದರೆ ದಿನ ಹೇಗೆ ದೂಡುವುದು? ಪ್ರವಾದಿ ಎಲೀಯನ ಕಥೆಯಲ್ಲಿ ಒಂದು ಉತ್ತರ ಇದೆ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಆದ ಮೇಲೆ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯ ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಬಂದು ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಮಾತಿನ ಜೊತೆ. ದೇವರು ಮೆಲ್ಲನೆಯ ದನಿಯಲ್ಲಿ ಮಾತಾಡಿದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಮೊದಲು ನಿದ್ದೆ, ಊಟ. ಆಮೇಲೆ ದರ್ಶನ. ಈ ಕ್ರಮವನ್ನು ನಾವು ಬಹಳ ಸಲ ತಲೆಕೆಳಗು ಮಾಡುತ್ತೇವೆ. ನಿದ್ದೆಯಿಲ್ಲದೆ ಒದ್ದಾಡುತ್ತಿರುವವರಿಗೆ ಉಪವಾಸ ಪ್ರಾರ್ಥನೆಗೆ ಬನ್ನಿ ಅನ್ನುತ್ತೇವೆ.

ಇನ್ನೊಂದು ಬುದ್ಧಿಮಾತು ಲೊಯೋಲಾದ ಸಂತ ಇಗ್ನೇಷಿಯಸರದು. ಸೈನಿಕನಾಗಿ ಹೆಸರು ಮಾಡಬೇಕೆಂದಿದ್ದ ಮನುಷ್ಯ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗಲು ವೀರರ ಕಥೆಪುಸ್ತಕ ಕೊಡಿ ಎಂದು ಕೇಳಿದರಂತೆ, ಮನೆಯಲ್ಲಿ ಇದ್ದದ್ದು ಕ್ರಿಸ್ತನ ಮತ್ತು ಸಂತರ ಜೀವನಕಥೆಗಳು ಮಾತ್ರ. ಅಲ್ಲಿಂದ ಬದುಕು ತಿರುಗಿತು. ಅವರು ಕಟ್ಟಿದ ಯೇಸುಸಭೆ ಎಂಬ ಸಂಘಕ್ಕೆ 1540ರಲ್ಲಿ ಪೋಪರ ಮನ್ನಣೆ ಸಿಕ್ಕಿತು. ಅವರ ಸೂತ್ರಗಳಲ್ಲಿ ಒಂದು ಹೀಗಿದೆ: ಮನಸ್ಸು ಕತ್ತಲಾಗಿ, ದೇವರು ದೂರ ಅನಿಸುವ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ. ಇಷ್ಟು ಸರಳವಾದ ಮಾತು. ಬದಲಾವಣೆ ಒಂದು ಹೊರಗಿನಿಂದ ಬಂದಾಗ, ಕೈಗೆ ಸಿಕ್ಕಿದ್ದನ್ನೆಲ್ಲ ನಾವೇ ಬದಲಿಸಿಬಿಡುತ್ತೇವೆ. ಮನೆ ಮಾರುತ್ತೇವೆ, ಸಭೆ ಬಿಡುತ್ತೇವೆ, ಗೆಳೆಯರ ನಂಬರ್ ಅಳಿಸುತ್ತೇವೆ. ತಡೆದುಕೊಳ್ಳಿ. ತುರ್ತಾಗಿ ಮಾಡಲೇಬೇಕಾದ್ದನ್ನು ಮಾಡಿ, ಉಳಿದದ್ದು ಇದ್ದ ಹಾಗೇ ಇರಲಿ.

ಈಗ ಅಪೊಸ್ತಲ ಪೌಲ. ಬೈಬಲಿನ ಅಪೊಸ್ತಲರ ಕೃತ್ಯಗಳು, 16ನೇ ಅಧ್ಯಾಯ. ಅವನಿಗೆ ಆಸ್ಯ ಸೀಮೆಯಲ್ಲಿ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ವಾಕ್ಯ ಸಾರಬೇಕಿತ್ತು, ಪವಿತ್ರಾತ್ಮ ತಡೆದ. ಬಿಥೂನ್ಯಕ್ಕೆ ಹೋಗೋಣ ಅಂದರೆ ಅಲ್ಲಿಗೂ ಬಿಡಲಿಲ್ಲ. ಯಾಕೆ ಎಂದು ಆ ಪುಸ್ತಕ ಬರೆದ ಲೂಕ ಹೇಳಿಲ್ಲ. ಕೊನೆಗೆ ತ್ರೋವದಲ್ಲಿ ರಾತ್ರಿ ದರ್ಶನ, ಮಕೆದೋನ್ಯದ ಒಬ್ಬ ಗಂಡಸು ನಿಂತು ಬಂದು ನೆರವಾಗು ಅಂತ ಕರೆಯುತ್ತಿದ್ದಾನೆ. ಸಮುದ್ರ ದಾಟಿ ಫಿಲಿಪ್ಪಿಗೆ ಹೋದರೆ ಸಿಕ್ಕಿದ್ದು ನದೀತೀರದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು. ಅವರಲ್ಲಿ ಹೃದಯ ತೆರೆದವಳು ಲುದ್ಯ, ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಅವಳ ಊರು ಥುವತೈರ. ಅದು ಇರುವುದು ಎಲ್ಲಿ? ಆಸ್ಯದಲ್ಲಿ! ಯಾವ ಸೀಮೆಗೆ ಹೋಗಬೇಡ ಎಂದು ತಡೆಯಾಯಿತೋ ಅದೇ ಸೀಮೆಯವಳು. ಲೂಕ ಇದರ ಮೇಲೆ ವ್ಯಾಖ್ಯಾನ ಬರೆಯುವುದಿಲ್ಲ. ನನಗೆ ಮಾತ್ರ ಓದಿದಾಗಲೆಲ್ಲ ನಗು ಬರುತ್ತದೆ.

ನಮ್ಮ ಕಾಲಕ್ಕೆ ಹತ್ತಿರದ ಹೆಸರು ಬೇಕಿದ್ದರೆ ಡಾಕ್ಟರ್ ಮೇರಿ ವರ್ಗೀಸ್. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯೆ. 1954ರಲ್ಲಿ ವಾಹನ ಅಪಘಾತ, ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮತ್ತೆ ನಡೆಯಲಿಲ್ಲ. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಅಮೆರಿಕದಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು, ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ಅಪಘಾತ ಆದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ. ಅದು ನನ್ನ ಬಾಯಲ್ಲಿ ಬರಬಾರದ ಮಾತು. ಅವರು ಕಾಲು ವಾಪಸ್ ಬರುವವರೆಗೆ ಕಾಯಲಿಲ್ಲ ಎಂಬುದನ್ನಷ್ಟೇ ನೋಡಿ.

ಒಂದು ಅನುಮಾನ ಪರಿಹಾರ ಮಾಡಬೇಕು. ಬೇರು ಬಿಡಿ ಅಂದರೆ, ಇದು ಹೋಗಲಿ ಎಂದು ಬೇಡಬಾರದು ಅಂತಲ್ಲ. ಯೇಸು ಸ್ವಾಮಿಯೇ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಮತ್ತೆ ಮತ್ತೆ ಬೇಡಿದರು. ಬಂದ ಉತ್ತರ ಶಿಲುಬೆ. ಪೌಲ ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು. ಹಾಗಾಗಿ ಪ್ರಾರ್ಥನೆಗೆ ಬೇಕಾದ ಉತ್ತರ ಸಿಗಲಿಲ್ಲ ಎಂದರೆ ನಂಬಿಕೆ ಸಾಲದು ಎಂದು ಅರ್ಥ ಮಾಡುವವರು, ಗೆತ್ಸೇಮನೆಯನ್ನು ಇನ್ನೊಮ್ಮೆ ಓದಲಿ.

ಪುನರುತ್ಥಾನ ಕೂಡ ಹಳೆಯದರ ವಾಪಸಾತಿ ಅಲ್ಲ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು, ತೋಮನಿಗೆ ತೋರಿಸಿದ್ದು ಅದನ್ನೇ. ಶಿಷ್ಯರು ಮಾತ್ರ ಕೊನೆಯ ಗಳಿಗೆಯಲ್ಲೂ, ಸ್ವಾಮಿ, ಇಸ್ರಾಯೇಲಿಗೆ ರಾಜ್ಯವನ್ನು ವಾಪಸ್ ಕೊಡುವುದು ಈಗಲೋ ಎಂದು ಕೇಳಿದರು. ಹನನ್ಯನ ಲೆಕ್ಕ! ಯೇಸು ತಾರೀಕು ಕೊಡಲಿಲ್ಲ. ಪವಿತ್ರಾತ್ಮನ ಬಲ ಕೊಡುತ್ತೇನೆ, ಸಾಕ್ಷಿಗಳಾಗಿರಿ ಎಂದರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಎಷ್ಟು ದಿನ ದುಃಖಪಡಬಹುದು ಎಂದು ಒಬ್ಬ ತಾಯಿ ಕೇಳಿದರು. ಆರೋನ ಸತ್ತಾಗ ಇಸ್ರಾಯೇಲ್ಯರು ಮೂವತ್ತು ದಿನ ಗೋಳಾಡಿದರು, ಮೋಶೆ ಸತ್ತಾಗಲೂ ಮೂವತ್ತು ದಿನ. ಯಾಕೋಬನಿಗಾಗಿ ಐಗುಪ್ತ್ಯರು ಎಪ್ಪತ್ತು ದಿನ. ಇವು ಒಬ್ಬರ ದುಃಖ ಇಷ್ಟರಲ್ಲೇ ಮುಗಿಯಬೇಕು ಎಂಬ ಗಡುವಲ್ಲ ಅಮ್ಮ. ಅಷ್ಟು ದಿನ ಇಡೀ ಸಮುದಾಯ ಜೊತೆಗೆ ಅತ್ತಿತು ಎಂಬ ದಾಖಲೆ. ನಾವು ಮಣ್ಣು ಮಾಡಿ ಬಂದ ಮಾರನೇ ವಾರಕ್ಕೇ, ಈಗ ಹೇಗಿದ್ದೀರಿ, ಪರವಾಗಿಲ್ವಾ ಅನ್ನುತ್ತೇವೆ. ನಿಮ್ಮ ದುಃಖಕ್ಕೆ ಇಂತಿಷ್ಟೇ ದಿನ ಅಂತ ಇಲ್ಲ. ಆದರೆ ಒಬ್ಬರೇ ಕೂತು ಪಡಬೇಡಿ.

ಇನ್ನೊಂದು ಪ್ರಶ್ನೆ ಚೀಟಿಯಲ್ಲಿ ಬಂತು, ಹೆಸರಿರಲಿಲ್ಲ. ಮನೋವೈದ್ಯರ ಹತ್ತಿರ ಹೋಗುವುದು, ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವೇ? ಅಲ್ಲ. ಪೌಲನ ಜೊತೆ ಪ್ರಯಾಣ ಮಾಡುತ್ತಿದ್ದ ಲೂಕ ವೈದ್ಯ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪ್ರಿಯ ವೈದ್ಯ ಎಂದೇ ಅವನನ್ನು ಕರೆದಿದೆ. ಪೌಲನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪತ್ರದಲ್ಲಿ ಬಂದದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂಬ ಸಲಹೆ, ಇನ್ನಷ್ಟು ನಂಬು ಎಂಬುದಲ್ಲ. ನಿದ್ದೆ ಹೋಗಿದ್ದರೆ, ಊಟ ಸೇರದಿದ್ದರೆ, ಎಲೀಯನ ಹಾಗೆ ಸಾಯಬೇಕು ಅನಿಸುತ್ತಿದ್ದರೆ ಇವತ್ತೇ ವೈದ್ಯರನ್ನು ನೋಡಿ, ಮನೆಯವರಿಗೂ ಹೇಳಿ. ಚೀಟಿ ಬರೆದವರು ಇಲ್ಲೇ ಇದ್ದರೆ, ಜೊತೆಗೆ ಬರಲು ಯಾರಾದರೂ ಬೇಕಿದ್ದರೆ, ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬನ್ನಿ. ನಾನು ಇಲ್ಲೇ ಇರುತ್ತೇನೆ.